ಮಾರ್ಚ್ 31ರಂದು ಗೋದಾಮಿನ ಅಡಿಕೆಗೆ ಯಾವ ದರ?

ಅಡಿಕೆ ವರ್ತಕರ ಲೆಕ್ಕಪತ್ರ ನೋಡುವ ನನಗೆ ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ಹತ್ತಿರವಾದಂತೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಗೋದಾಮಿನಲ್ಲಿ ಉಳಿದ ಅಡಿಕೆಗೆ ಕೊಂಡ ದರ ಹಾಕಬೇಕೋ, ಅಂದಿನ ಮಾರುಕಟ್ಟೆ ದರ ಹಾಕಬೇಕೋ? ಲೆಕ್ಕಪತ್ರ ಮಾನದಂಡ ಎಎಸ್ 2ರ ಪ್ರಕಾರ, ತಗುಲಿದ ವೆಚ್ಚ ಮತ್ತು ಮಾರಾಟದ ಖರ್ಚು ಕಳೆದು ಕೈಗೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಾಕಬೇಕು. ಬೆಲೆ ಏರಿದ ಮಾತ್ರಕ್ಕೆ ಮಾರಾಟವಾಗದ ಮಾಲಿನಿಂದ ಲಾಭ ಹುಟ್ಟುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1953ರಲ್ಲೇ, ಚೈನ್‌ರೂಪ್ ಸಂಪತ್‌ರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದರೆ ದರದ ಚರ್ಚೆಗಿಂತ ಮೊದಲು ಗೋದಾಮಿನಲ್ಲಿರುವ ಮಾಲು ಯಾರದು, ಯಾವ ದರ್ಜೆಯದು, ಎಷ್ಟು ತೂಕದ್ದು ಎಂಬುದು ಇತ್ಯರ್ಥವಾಗಬೇಕು. ಹೆಚ್ಚಿನ ಲೆಕ್ಕಗಳು ಹಾದಿ ತಪ್ಪುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಒಳ್ಳೆಯ ದರ ಬರಲಿ ಎಂದು ರೈತರು ಮಂಡಿಯಲ್ಲಿ ಬಿಟ್ಟಿರುವ ಅಡಿಕೆ, ಅದೇ ಸೂರಿನಡಿ ಅದೇ ಬಗೆಯ ಚೀಲಗಳಲ್ಲಿದ್ದರೂ, ಮಂಡಿಯವರ ದಾಸ್ತಾನಲ್ಲ. ಕಮಿಷನ್ ವ್ಯವಹಾರ ಮತ್ತು ಸ್ವಂತ ಖರೀದಿ ಎರಡನ್ನೂ ನಡೆಸುವವರು ಇವುಗಳನ್ನು ಬೇರ್ಪಡಿಸದೆ ಚೀಲ ಎಣಿಸಿದರೆ, ಮುಂದೆ ಯಾವ ದರ ಹಾಕಿದರೂ ಲೆಕ್ಕ ಸುಳ್ಳಾಗುತ್ತದೆ.

ದರ್ಜೆಯ ಮಾತು ಇನ್ನೂ ಮುಖ್ಯವಾದದ್ದು. ಉದಾಹರಣೆಗೆ, ವರ್ತಕರೊಬ್ಬರಲ್ಲಿ ಕ್ವಿಂಟಲ್‌ಗೆ 52,000 ರೂಪಾಯಿ ವೆಚ್ಚದ 40 ಕ್ವಿಂಟಲ್ ಬೆಟ್ಟೆ ಎಂಬ ದರ್ಜೆಯ ಅಡಿಕೆ ಮತ್ತು 33,000 ರೂಪಾಯಿ ವೆಚ್ಚದ 60 ಕ್ವಿಂಟಲ್ ಗೊರಬಲು ಎಂಬ ಅಗ್ಗದ ದರ್ಜೆಯ ಅಡಿಕೆ ಉಳಿದಿದೆ ಎನ್ನೋಣ. ಮಾರಾಟದ ಖರ್ಚು ಕಳೆದು ಬೆಟ್ಟೆಗೆ 55,000, ಗೊರಬಲಿಗೆ 29,500 ರೂಪಾಯಿ ಸಿಗುವಂತಿದೆ. ಆಗ ಬೆಟ್ಟೆಗೆ ಕೊಂಡ ವೆಚ್ಚವಾದ 20,80,000, ಗೊರಬಲಿಗೆ ಇಳಿದ ಮೌಲ್ಯವಾದ 17,70,000, ಒಟ್ಟು 38,50,000 ರೂಪಾಯಿ ತೋರಿಸಬೇಕು. ಎರಡನ್ನೂ ಒಟ್ಟುಗೂಡಿಸಿ ಹೋಲಿಸಿದರೆ ಒಟ್ಟು ವೆಚ್ಚ 40,60,000, ಒಟ್ಟು ಸಿಗುವ ಮೊತ್ತ 39,70,000; ಕಡಿಮೆಯದೆಂದು 39,70,000 ಬರುತ್ತದೆ. ಅಂದರೆ ಬೆಟ್ಟೆಯಲ್ಲಿ ಇನ್ನೂ ಬಾರದ ಲಾಭದಿಂದ ಗೊರಬಲಿನ ನಷ್ಟದಲ್ಲಿ 1,20,000 ರೂಪಾಯಿಯನ್ನು ಮುಚ್ಚಿದಂತಾಗುತ್ತದೆ. ಹಾಗೆ ಮಾಡುವಂತಿಲ್ಲ.

ವೆಚ್ಚ ಎಂದರೆ ಖರೀದಿ ಬಿಲ್ಲಿನ ಮೊತ್ತವಷ್ಟೇ ಅಲ್ಲ. ಮಾಲು ಗೋದಾಮು ಸೇರುವವರೆಗಿನ ಲಾರಿ ಬಾಡಿಗೆ, ಹಮಾಲಿ ಅದಕ್ಕೆ ಸೇರುತ್ತವೆ. ದರ ಏರಲೆಂದು ಕಾಯುವಾಗಿನ ಗೋದಾಮು ಬಾಡಿಗೆ, ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಕೂಡ, ಸೇರುವುದಿಲ್ಲ. (ಬಡ್ಡಿಯ ವಿಷಯದಲ್ಲಿ ಪ್ರತಿ ವರ್ಷ ಚೌಕಾಸಿ ನಡೆಯುತ್ತದೆ, ನನ್ನ ಉತ್ತರ ಮಾತ್ರ ಬದಲಾಗಿಲ್ಲ.) ಮರಳಿ ಸಿಗುವ ಜಿಎಸ್‌ಟಿಯೂ ಪುಸ್ತಕದ ವೆಚ್ಚದಲ್ಲಿ ಬರುವುದಿಲ್ಲ. ಬೇರೆ ಬೇರೆ ದಿನ ಕೊಂಡ ಒಂದೇ ದರ್ಜೆಯ ಮಾಲಿಗೆ ಮೊದಲು ಬಂದದ್ದು ಮೊದಲು ಹೋಯಿತೆಂಬ ಕ್ರಮವನ್ನಾಗಲಿ ಕೊಂಡ ಪ್ರಮಾಣಕ್ಕೆ ತಕ್ಕಂತೆ ತೆಗೆದ ಸರಾಸರಿ ದರವನ್ನಾಗಲಿ ಅನುಸರಿಸಬಹುದು, ಆದರೆ ವರ್ಷಕ್ಕೊಂದು ಕ್ರಮ ಸಲ್ಲದು.

ಅಡಿಕೆ ಇಟ್ಟಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. 48,000 ರೂಪಾಯಿಯಂತೆ ಕೊಂಡ 100 ಕ್ವಿಂಟಲ್ ಸಹಜವಾಗಿ 98ಕ್ಕೆ ಇಳಿದರೆ, 48 ಲಕ್ಷ ರೂಪಾಯಿಯ ವೆಚ್ಚವನ್ನು ಆ 98 ಕ್ವಿಂಟಲ್‌ಗೇ ಹಂಚಬೇಕು; ಕ್ವಿಂಟಲ್‌ಗೆ ಸುಮಾರು 48,980 ಆಗುತ್ತದೆ. ಸೂರು ಸೋರಿ ನೆನೆದು ಹಾಳಾದ ಚೀಲಗಳದ್ದು ಬೇರೆ ಮಾತು: ಆ ನಷ್ಟವನ್ನು ಉಳಿದ ಮಾಲಿನ ಮೇಲೆ ಹೇರದೆ ಅದೇ ವರ್ಷದ ಖರ್ಚಿಗೆ ಹಾಕಬೇಕು, ಹಾಳಾದ ಮಾಲಿಗೆ ಪಡೆದಿದ್ದ ಜಿಎಸ್‌ಟಿ ಜಮೆಯನ್ನೂ ಹಿಂದಿರುಗಿಸಬೇಕು.

ಇಳಿದ ಮೌಲ್ಯ ತೋರಿಸುವವರು ದರ್ಜೆವಾರು ತೂಕದ ಪಟ್ಟಿಯ ಜೊತೆಗೆ ಅಂದಿನ ಎಪಿಎಂಸಿ ದರಪಟ್ಟಿಯನ್ನೂ ಏಪ್ರಿಲ್ ಮೊದಲ ವಾರಗಳ ಮಾರಾಟದ ಬಿಲ್ಲುಗಳನ್ನೂ ಕಡತದಲ್ಲಿಡಬೇಕು. ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ದಾಸ್ತಾನು ವಿವರಣೆಯಲ್ಲಿ ದರ ಬೇರೆಯಿದ್ದರೆ ಕಾರಣ ವಿವರಿಸಬಹುದು. ತೂಕವೇ ಬೇರೆಯಿದ್ದರೆ ತೆರಿಗೆ ಅಧಿಕಾರಿಯ ಮುಂದೆ ಹೇಳಲು ನನ್ನ ಬಳಿಯೂ ಏನೂ ಇರುವುದಿಲ್ಲ.