ಖಜಾಂಚಿಯ ಫೋನಿಗೆ ಬಂದ ದುಡ್ಡು

ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವುದರ ಜೊತೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಕನ್ನಡ ಸಂಘಕ್ಕೆ ಒಂಬತ್ತು ವರ್ಷದಿಂದ ಸಂಚಾಲಕಿಯಾಗಿದ್ದೇನೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿಗೆ ಬೆಲೆ ತೆತ್ತವಳು ಒಬ್ಬ ವಿದ್ಯಾರ್ಥಿನಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಂಘದ ದೊಡ್ಡ ಕಾರ್ಯಕ್ರಮ ರಾಜ್ಯೋತ್ಸವ. ಶಾಮಿಯಾನ, ಮೈಕು, ಡೊಳ್ಳಿನ ತಂಡ, ಊಟ ಎಲ್ಲದಕ್ಕೂ ಮುಂಗಡ ಕೊಡಬೇಕು. ಅನುದಾನ ಮಂಜೂರಾದರೂ ಬಿಲ್ಲು ಸಲ್ಲಿಸಿದ ಮೇಲೆಯೇ ಕೈಗೆ ಬರುವುದು. ಹಾಗಾಗಿ ಮಕ್ಕಳು ತಲಾ 200 ರೂಪಾಯಿ ಚಂದಾ ಎತ್ತುತ್ತಾರೆ. ಆ ವರ್ಷದ ಖಜಾಂಚಿ ತನ್ನ ಫೋನಿನ ಕ್ಯೂಆರ್ ಕೋಡನ್ನೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಅಪ್ಪ ಕಳಿಸುವ ದುಡ್ಡು, ವಿದ್ಯಾರ್ಥಿವೇತನ, ಮೆಸ್ಸಿನ ಬಿಲ್ಲು ಎಲ್ಲವೂ ಓಡಾಡುವ ಖಾತೆ ಅದು. ನಾನೂ ಆ ಗುಂಪಿನಲ್ಲಿದ್ದೆ, ನೋಡಿದ್ದೆ. ಒಳ್ಳೆಯ ಹುಡುಗಿ, ಲೆಕ್ಕ ಕೇಳಿದರೆ ನೊಂದುಕೊಳ್ಳುತ್ತಾಳೆ ಅಂದುಕೊಂಡು ಸುಮ್ಮನಾದೆ.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಜನವರಿಯಲ್ಲಿ ಲೆಕ್ಕ ಒಪ್ಪಿಸುವಾಗ 3,400 ರೂಪಾಯಿಗೆ ರಸೀದಿ ಇರಲಿಲ್ಲ. ಹೂವಿನವರಿಗೆ, ನೀರಿನ ಕ್ಯಾನಿಗೆ, ಡೊಳ್ಳು ತಂದ ಟೆಂಪೋಗೆ ನಗದು ಕೊಟ್ಟಿದ್ದಳು. ಯಾರಿಗೆ ಎಷ್ಟು ಎಂದು ಬರೆದಿಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಗುಸುಗುಸು ಶುರುವಾಯಿತು. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಮನೆಯಿಂದ ದುಡ್ಡು ತರಿಸಿ ಕಟ್ಟಿ, ಲೆಕ್ಕದ ಪುಸ್ತಕ ನನ್ನ ಮೇಜಿನ ಮೇಲಿಟ್ಟಳು. 'ಮೇಡಂ, ನೀವು ಆವತ್ತೇ ಒಂದು ಮಾತು ಕೇಳಿದ್ದಿದ್ರೆ ನಾನು ಬರೆದಿಡ್ತಿದ್ದೆ' ಅಂದಳು. ಮತ್ತೆ ಸಂಘದ ಕಡೆ ಬರಲಿಲ್ಲ.

ಆಗ ನಾನು ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯೂ ಆಗಿದ್ದೆ. 1969ರಲ್ಲಿ, ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆ ಅದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ, ದಿನಚರಿ, ಹಾಜರಿ, ಖರ್ಚಿನ ನಮೂನೆ ಎಲ್ಲಕ್ಕೂ ನಿಯಮದ ಒಂದು ಕಟ್ಟು ಇದೆ. ಅಲ್ಲಿ ಸ್ವಯಂಸೇವಕನ ಹತ್ತಿರ ಲೆಕ್ಕ ಕೇಳಲು ನನಗೆ ಎಂದೂ ಸಂಕೋಚವಾಗಿರಲಿಲ್ಲ, ಅವನಿಗೂ ಬೇಸರವಾಗಿರಲಿಲ್ಲ. ನಿಯಮ ಕೇಳುತ್ತಿದೆ, ಮೇಡಂ ಕೇಳುತ್ತಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಕ್ಕಳೇ ಕಟ್ಟಿಕೊಂಡ ಸಂಘದಲ್ಲಿ ಆ ಕಟ್ಟು ಇರಲಿಲ್ಲ. ಅದನ್ನು ಹಾಕಿಕೊಡಬೇಕಾದವಳು ನಾನಾಗಿದ್ದೆ.

ಮುಂದಿನ ವರ್ಷ ಸಂಘದ ಹೆಸರಿನಲ್ಲಿ ಖಾತೆ ತೆರೆಯಲು ಹೋದೆವು. ಬ್ಯಾಂಕಿನವರು ಬೈಲಾ ಕೇಳಿದರು, ಸಭೆಯ ನಿರ್ಣಯದ ಪ್ರತಿ ಕೇಳಿದರು. ನಮ್ಮಲ್ಲಿ ಎರಡೂ ಇರಲಿಲ್ಲ. ಮೂರು ಸಂಜೆ ಕೂತು ಮಕ್ಕಳೇ ಬೈಲಾ ಬರೆದರು. ಖಜಾಂಚಿ ಒಬ್ಬಳೇ ದುಡ್ಡು ತೆಗೆಯುವಂತಿಲ್ಲ, ಎರಡು ಸಹಿ ಬೇಕು ಎಂಬುದು ಅವರದೇ ಮಾತು. ಅಧ್ಯಕ್ಷನಿಗೆ ಎಷ್ಟು ಅಧಿಕಾರ ಎಂಬುದರ ಮೇಲೆ ಜೋರು ಜಗಳವೇ ಆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಗೆ ಕಾದಾಡಿ ಬರೆದುಕೊಂಡಿದ್ದಕ್ಕೋ ಏನೋ, ಆ ನಿಯಮಗಳನ್ನು ಇವತ್ತಿಗೂ ಅವರು ಮೀರಿಲ್ಲ.

ಹೂವಿನವರು, ಆಟೋದವರು ರಸೀದಿ ಕೊಡುವುದಿಲ್ಲ. ಅಂಥ ಕಡೆ ನಾವೇ ವೋಚರ್ ಬರೆದು, ದುಡ್ಡು ತೆಗೆದುಕೊಂಡವರ ಸಹಿಯೋ ಹೆಬ್ಬೆಟ್ಟೋ ಹಾಕಿಸಿ, ಜೊತೆಗಿದ್ದ ಇನ್ನೊಬ್ಬ ವಿದ್ಯಾರ್ಥಿಯ ಸಹಿ ತೆಗೆದುಕೊಳ್ಳುತ್ತೇವೆ. ಶನಿವಾರ ಇಪ್ಪತ್ತು ನಿಮಿಷ ಪುಸ್ತಕ ನೋಡುತ್ತೇನೆ. ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾ-ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ ಏರುತ್ತದೆ.

ಇನ್ನೂ ಕಷ್ಟವೆನಿಸುವುದು ಹಸ್ತಾಂತರ. ಸ್ನಾತಕೋತ್ತರ ಪದವಿ ಅಂದರೆ ನಾಲ್ಕು ಸೆಮಿಸ್ಟರು. ಕೆಲಸ ಕೈಗೆ ಹತ್ತುವ ಹೊತ್ತಿಗೆ ಮಕ್ಕಳು ಹೊರಟಿರುತ್ತಾರೆ. ಪ್ರವೇಶ ತಡವಾದ ವರ್ಷ ಹೊಸಬರು ಬಂದ ಮೂರನೇ ವಾರಕ್ಕೆ ನವೆಂಬರ್ ಬಂದುಬಿಡುತ್ತದೆ. ಅದಕ್ಕೆ ಮೊದಲ ವರ್ಷದಿಂದ ಒಬ್ಬ ಸಹ ಖಜಾಂಚಿಯನ್ನು ಆರಿಸಿ, ಹಳೆಯ ಖಜಾಂಚಿಯ ಪಕ್ಕದಲ್ಲೇ ಕೂರಿಸುತ್ತೇವೆ. ಯಾವ ಅಡುಗೆಯವರು ಹೇಳಿದ ಹೊತ್ತಿಗೆ ಬರುತ್ತಾರೆ, ಸಭಾಂಗಣದ ಅರ್ಜಿ ಯಾವ ಗುಮಾಸ್ತರ ಮೇಜಿಗೆ ಹೋಗಬೇಕು ಎಂಬುದೆಲ್ಲ ಬೈಲಾದಲ್ಲಿ ಇರುವುದಿಲ್ಲವಲ್ಲ.

ಆ ಹುಡುಗಿ ಓದು ಮುಗಿಸಿ ಹೋದ ಮೇಲೆ ನಾನು ಮಾರುಕಟ್ಟೆಗೆ ಹೋಗಿ ಹೂವಿನವರನ್ನು ಕೇಳಿದೆ, ಟೆಂಪೋದವರಿಗೂ ನೀರಿನವರಿಗೂ ಫೋನ್ ಮಾಡಿದೆ. ಮೂವರಿಗೂ ನೆನಪಿತ್ತು. ಆ 3,400ರ ವಿವರವನ್ನು ಹಳೆಯ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆದು, ಕೇಳದೆ ಬಿಟ್ಟದ್ದು ಸಂಚಾಲಕಿಯ ತಪ್ಪು ಎಂದು ಸೇರಿಸಿ ಸಹಿ ಮಾಡಿದೆ. ಪುಟದ ಫೋಟೋ ತೆಗೆದು ಅವಳಿಗೂ, ಆ ವರ್ಷದ ಗುಂಪಿಗೂ ಕಳಿಸಿ, ಅವಳ ದುಡ್ಡು ವಾಪಸ್ ಹಾಕಿದೆ. 'ಅಪ್ಪನಿಗೆ ತೋರಿಸಿದೆ ಮೇಡಂ' ಎಂದಷ್ಟೇ ಉತ್ತರ ಬಂತು. ಹೊಸ ಖಜಾಂಚಿಗೆ ಪುಸ್ತಕ ಕೊಡುವ ದಿನ ಅವಳ ಹೆಸರು ಹೇಳದೆ ಮೊದಲು ಆ ಪುಟ ತೆರೆದು ಓದಿಸುತ್ತೇನೆ.