ಬರುವ ಮೊದಲೇ ವಾಪಸ್ ಬಂದವರು

"ಶೀತ ಆಗಲ್ವೇನೇ ಇವಕ್ಕೆ?"

ಅಮೆರಿಕದ ಪಾಪ್ ತಂಡ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಬಗ್ಗೆ ನಮ್ಮ ಮನೆಯಲ್ಲಿ ಕೇಳಿಬಂದ ಮೊದಲ ವಿಮರ್ಶೆ ಇದು. ವಿಮರ್ಶಕಿ ನಮ್ಮಜ್ಜಿ. 1997ರ ಮಳೆಗಾಲ, ಶಿವಮೊಗ್ಗ, ಪಕ್ಕದ ಮನೆಯ ಕೇಬಲ್ ಟೀವಿ. ಐದು ಜನ ಹುಡುಗರು ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಶರ್ಟಿನ ಗುಂಡಿ ಬಿಚ್ಚಿಕೊಂಡು ತೊಪ್ಪೆಯಾಗಿ ನೆನೆಯುತ್ತಾ ಹಾಡುತ್ತಿದ್ದರು. ಕಿಟಕಿಯಾಚೆ ನಮ್ಮೂರಲ್ಲೂ ಜಡಿಮಳೆ. ಅಜ್ಜಿಯ ಲೆಕ್ಕದಲ್ಲಿ ಮಳೆಗೆ ಬೇಕಂತಲೇ ನಿಲ್ಲುವವರು ಎರಡೇ ಜಾತಿ: ನಾಟಿ ಮಾಡುವವರು, ತಲೆ ಕೆಟ್ಟವರು. ಈ ಹುಡುಗರ ಕೈಯಲ್ಲಿ ಸಸಿ ಇರಲಿಲ್ಲ.

ನಾನಾಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಎಬಿಸಿಡಿ ತಿದ್ದಿದ್ದೇ ಐದನೇ ಕ್ಲಾಸಿನಲ್ಲಿ. ಆ ಹಾಡಿನ ಒಂದು ಸಾಲೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ರಾಗ ಬಾಯಿಗೆ ಬಂದಿತ್ತು. ಬೆಂಗಳೂರಲ್ಲಿದ್ದ ಸೋದರಮಾವನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಮಾಮ, ಐದು ಜನ ಹುಡುಗರು, ಮಳೇಲಿ ನೆನೀತಾರಲ್ಲ, ಆ ಕ್ಯಾಸೆಟ್ಟು" ಎಂದು ಹೇಳುವಷ್ಟರಲ್ಲಿ ಮೀಟರು ಏಳು ರೂಪಾಯಿ ತೋರಿಸುತ್ತಿತ್ತು. ಪುಣ್ಯಾತ್ಮ ದೀಪಾವಳಿಗೆ ಬರುವಾಗ ತಂದೇಬಿಟ್ಟ, ಬ್ರಿಗೇಡ್ ರಸ್ತೆಯಿಂದ. ಬೆಲೆ 125 ರೂಪಾಯಿ. ಅಪ್ಪನ ಭಾವಗೀತೆ ಕ್ಯಾಸೆಟ್ಟುಗಳು ಆ ದುಡ್ಡಿಗೆ ಮೂರು ಬರುತ್ತಿದ್ದವು. ಅಪ್ಪ ಇದನ್ನು ಆ ಹಬ್ಬದಲ್ಲಿ ಕನಿಷ್ಠ ನಾಲ್ಕು ಸಲ ಹೇಳಿದರು.

ಕ್ಯಾಸೆಟ್ಟಿನ ಹೆಸರೂ 'ಬ್ಯಾಕ್‌ಸ್ಟ್ರೀಟ್ ಬಾಯ್ಸ್', ಹಾಡಿದವರ ಹೆಸರೂ ಅದೇ. ಒಟ್ಟು 13 ಹಾಡು. ಮೊದಲನೆಯದು 'ವಿ ಹ್ಯಾವ್ ಗಾಟ್ ಇಟ್ ಗೋಯಿಂಗ್ ಆನ್', ಕೊನೆಯದು 'ನೋಬಡಿ ಬಟ್ ಯೂ'. ಮಳೆ ಹಾಡು ಐದನೆಯದು: 'ಕ್ವಿಟ್ ಪ್ಲೇಯಿಂಗ್ ಗೇಮ್ಸ್'. ಅದೊಂದನ್ನೇ ರಿವೈಂಡ್ ಮಾಡಿ ಮಾಡಿ ಟೇಪು ಸಡಿಲವಾಗಿ, ಆಮೇಲೆ ರೆನಾಲ್ಡ್ಸ್ ಪೆನ್ನು ತೂರಿಸಿ ಸುತ್ತುವುದೇ ಕೆಲಸವಾಯಿತು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎಲ್ಲ ಹಾಡುಗಳನ್ನೂ ಕನ್ನಡ ಲಿಪಿಯಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡೆ. ಅರ್ಧಕ್ಕರ್ಧ ತಪ್ಪು. ಅವರು ಹಾಡಿದ್ದು ಒಂದು, ನನ್ನ ಪುಸ್ತಕದಲ್ಲಿದ್ದದ್ದು ಯಾವ ದೇಶದಲ್ಲೂ ಇಲ್ಲದ ಇನ್ನೊಂದು ಭಾಷೆ. ಆದರೂ ತಾಳ ಕೂಡುತ್ತಿತ್ತು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತೆ.

1998ರ ಜುಲೈನಲ್ಲಿ ನ್ಯೂಜೆರ್ಸಿಯಿಂದ ದೊಡ್ಡಪ್ಪನ ಮನೆಯವರು ಬಂದರು. ಅವರ ಮಗಳು ನನಗಿಂತ ಒಂದೂವರೆ ವರ್ಷ ದೊಡ್ಡವಳು, ಮನೆಯಲ್ಲೆಲ್ಲ ಅವಳು ಪುಟ್ಟಕ್ಕ. ಪುಟ್ಟಕ್ಕನ ಬ್ಯಾಗಿನಲ್ಲೂ ಅದೇ ಐವರು! ಅವರ ಮೊದಲನೇ ಆಲ್ಬಂ, ಅದರ ಹೆಸರೂ 'ಬ್ಯಾಕ್‌ಸ್ಟ್ರೀಟ್ ಬಾಯ್ಸ್'. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೊದಿಕೆ ಬೇರೆ, ಹಾಡಿನ ಪಟ್ಟಿ ಬೇರೆ. ಅವಳದರಲ್ಲಿ ಇದ್ದದ್ದು 11 ಹಾಡು. ನನ್ನದರಲ್ಲಿ ಇಲ್ಲದ 'ಆಸ್ ಲಾಂಗ್ ಆಸ್ ಯೂ ಲವ್ ಮಿ' ಅವಳದರಲ್ಲಿದೆ. ನನ್ನದರಲ್ಲಿದ್ದ 'ಬಾಯ್ಸ್ ವಿಲ್ ಬಿ ಬಾಯ್ಸ್' ಎಂಬ ಹಾಡೊಂದಿದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ.

"ನಿಂದು ಡೂಪ್ಲಿಕೇಟ್ ಕಣೇ" ಅಂದಳು.

ಅಮೆರಿಕದಿಂದ ಬಂದವಳು, ಹಾಡುವವರೂ ಅಮೆರಿಕದವರು. ನಾನು ಯಾವ ಬಾಯಲ್ಲಿ ಎದುರಾಡಲಿ? ಮಾಮನಿಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ಅಪ್ಪನಿಗಂತೂ ಆ 125 ರೂಪಾಯಿಯ ಗಾಯ ಮತ್ತೆ ಹಸಿಯಾಯಿತು. ನನಗೆ ಉಳಿದದ್ದು ಒಂದೇ ಬಾಣ. "ಹಾಗಾದ್ರೆ ನಿಂದ್ರಲ್ಲಿ 'ಎವ್ರಿಬಡಿ' ಯಾಕಿಲ್ಲ?" ಆ ದೆವ್ವದ ಬಂಗಲೆಯ ಹಾಡನ್ನು ನಾನು ಚಾನೆಲ್ ವಿಯಲ್ಲಿ ಹತ್ತಾರು ಸಲ ನೋಡಿದ್ದೆ. ಪುಟ್ಟಕ್ಕ ಗೊಂದಲಕ್ಕೆ ಬಿದ್ದಳು. ಹಾಡು ರೇಡಿಯೊದಲ್ಲಿ ಬರುತ್ತೆ, ಕ್ಯಾಸೆಟ್ಟಿನಲ್ಲಿ ಮಾತ್ರ ಯಾಕಿಲ್ಲವೋ ಅಂದಳು. ಜಗಳ ಅಲ್ಲಿಗೆ ನಿಂತಿತು.

ಇಂಟರ್‌ನೆಟ್ ಬಂದ ಮೇಲೆ ತಿಳಿಯಿತು, ಎರಡೂ ಅಸಲಿಯೇ. ಮಾಮನಿಗೆ ಯಾರೂ ಮೋಸ ಮಾಡಿರಲಿಲ್ಲ. ಈ ತಂಡಕ್ಕೆ ಎರಡು ಮೊದಲ ಆಲ್ಬಂ ಇವೆ.

ಕತೆ ಶುರುವಾಗುವುದು ಫ್ಲಾರಿಡಾದ ಒರ್ಲಾಂಡೊದಲ್ಲಿ. ಲೂ ಪರ್ಲ್‌ಮನ್ ಎಂಬ ವಿಮಾನ ಬಾಡಿಗೆಯ ವ್ಯಾಪಾರಿ, ತನ್ನ ವಿಮಾನ ಹತ್ತಿದ 'ನ್ಯೂ ಕಿಡ್ಸ್ ಆನ್ ದ ಬ್ಲಾಕ್' ಎಂಬ ಹಾಡುವ ತಂಡದ ಹುಡುಗರ ಸಂಪಾದನೆ ಕಂಡು ಬೆರಗಾಗಿ, ತಾನೂ ಒಂದು ತಂಡ ಕಟ್ಟುತ್ತೇನೆಂದು ಹೊರಟ. 1993ರಲ್ಲಿ ಐವರು ಸಿಕ್ಕರು: ಎಜೆ, ಹೋವಿ, ನಿಕ್, ಕೆವಿನ್, ಬ್ರಯನ್. ನಿಕ್‌ಗೆ ಆಗಿನ್ನೂ 13 ವರ್ಷ. ಕೆವಿನ್ ಮತ್ತು ಬ್ರಯನ್ ಕೆಂಟಕಿಯ ಕಸಿನ್‌ಗಳು. (ಕಸಿನ್ ಅಂದರೆ ಅತ್ತೆ ಮಗನೋ ದೊಡ್ಡಪ್ಪನ ಮಗನೋ ಎಂದು ಅಜ್ಜಿ ಕೇಳಿದ್ದಳು. ಇಂಗ್ಲಿಷಿನಲ್ಲಿ ಅದೆಲ್ಲ ಒಂದೇ ಅಂದಾಗ ಅವಳು ಆ ಭಾಷೆಯ ಬಗ್ಗೆಯೇ ಕನಿಕರಪಟ್ಟಳು.) ತಂಡದ ಹೆಸರು ಬಂದದ್ದು ಒರ್ಲಾಂಡೊದ ಬ್ಯಾಕ್‌ಸ್ಟ್ರೀಟ್ ಮಾರ್ಕೆಟ್ ಎಂಬ ಸಂತೆಯಿಂದ. ನಮ್ಮ ಕಡೆ ಐವರು ಹುಡುಗರು ಗಾಂಧಿಬಜಾರ್ ಬಾಯ್ಸ್ ಅಂತ ಹೆಸರಿಟ್ಟುಕೊಂಡ ಹಾಗೆ.

ಹಾಡುಗಾರರು ಅಮೆರಿಕದವರಾದರೂ ಮುಖ್ಯ ಹಾಡುಗಳಿಗೆ ಹೋದದ್ದು ಸ್ವೀಡನ್ನಿಗೆ. ಸ್ಟಾಕ್‌ಹೋಮಿನ ಷೈರಾನ್ ಸ್ಟುಡಿಯೊದಲ್ಲಿ ಡೆನಿಜ್ ಪಾಪ್ ಎಂಬ ಹಳೇ ಡಿಜೆ, ಅವನ ಕೈಕೆಳಗೆ ಪಳಗುತ್ತಿದ್ದ ಮ್ಯಾಕ್ಸ್ ಮಾರ್ಟಿನ್ ಎಂಬ ಮೆಟಲ್ ಹಾಡುಗಾರ. ಇಬ್ಬರಿಗೂ ಇಂಗ್ಲಿಷ್ ತಾಯಿನುಡಿಯಲ್ಲ. ಅವರ ಪದ್ಧತಿಯಲ್ಲಿ ರಾಗ ಮೊದಲು, ಆ ರಾಗದ ಉಚ್ಚಾರಕ್ಕೆ ಒಗ್ಗುವ ಮಾತು ಆಮೇಲೆ. ಅರ್ಥ ಬಂದರೆ ಬರಲಿ, ಬಾರದಿದ್ದರೆ ಅದರ ಪಾಡಿಗೆ ಅದು. 1999ರಲ್ಲಿ ಇದೇ ತಂಡಕ್ಕೆ ಮ್ಯಾಕ್ಸ್ ಮಾರ್ಟಿನ್ ಸೇರಿ ಬರೆದ 'ಐ ವಾಂಟ್ ಇಟ್ ದಟ್ ವೇ' ಹಾಡಿನಲ್ಲಿ ಆ 'ದಟ್ ವೇ' ಯಾವ ದಾರಿ ಎಂದು ಇಂಗ್ಲಿಷಿನವರೇ ಇವತ್ತಿಗೂ ಕಿತ್ತಾಡುತ್ತಾರೆ. ಅರ್ಥ ಸರಿಪಡಿಸಿ ಇನ್ನೊಂದು ಸಲ ರೆಕಾರ್ಡ್ ಮಾಡಿ ನೋಡಿದರು. ಕೊನೆಗೆ ಹೊರಗೆ ಬಿಟ್ಟದ್ದು ಅರ್ಥವಿಲ್ಲದ್ದನ್ನೇ!

ಹೀಗೆ ತಯಾರಾದ ಮೊದಲ ಹಾಡು 1995ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು, ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 69ನೇ ಜಾಗದಲ್ಲಿ ಉಸಿರು ಬಿಟ್ಟಿತು. ಅಲ್ಲಿ ಆಗ ಗ್ರಂಜ್ ಎಂಬ ಒರಟು ರಾಕ್ ಮತ್ತು ರ‍್ಯಾಪ್‌ನ ಕಾಲ. ಒಂದೇ ಹೆಜ್ಜೆ ಹಾಕಿ ಕುಣಿಯುವ ಚೆಂದದ ಹುಡುಗರೆಂದರೆ ರೇಡಿಯೊದವರಿಗೆ ಅಲರ್ಜಿ. ಆದರೆ ಜರ್ಮನಿ ಹಾಗನ್ನಲಿಲ್ಲ. ಅಲ್ಲಿನ ಹುಡುಗಿಯರು ಮುಗಿಬಿದ್ದರು. ಹಾಗಾಗಿ 1996ರ ಮೇ ತಿಂಗಳಲ್ಲಿ ಮೊದಲ ಆಲ್ಬಂ ಬಂದದ್ದು ಯೂರೋಪಿನಲ್ಲಿ. ಆಮೇಲೆ ಕೆನಡಾ, ಏಷ್ಯಾ. ಅದೇ ನನ್ನ 13 ಹಾಡಿನ ಕ್ಯಾಸೆಟ್ಟು. ಅಮೆರಿಕದಲ್ಲಿ ಅದು ಬರಲೇ ಇಲ್ಲ. ತಮ್ಮೂರಿಗೆ ವಾಪಸಾದರೆ ಇವರನ್ನು ಬೀದಿಯಲ್ಲಿ ಯಾರೂ ಗುರುತಿಸುತ್ತಿರಲಿಲ್ಲ.

1997ರ ಹೊತ್ತಿಗೆ ಗಾಳಿ ತಿರುಗಿತು. ಸ್ಪೈಸ್ ಗರ್ಲ್ಸ್, ಹ್ಯಾನ್ಸನ್ ಎಂಬ ಪಾಪ್ ತಂಡದವರು ಅಮೆರಿಕದ ಬಾಗಿಲು ತೆಗೆಸಿದರು, 'ಕ್ವಿಟ್ ಪ್ಲೇಯಿಂಗ್ ಗೇಮ್ಸ್' ಅಲ್ಲಿ 2ನೇ ಸ್ಥಾನಕ್ಕೆ ಹೋಯಿತು. ಆಗ ಅಮೆರಿಕಕ್ಕೆಂದೇ ಮೊದಲ ಆಲ್ಬಮಿನಿಂದ ಒಂದಿಷ್ಟು, ಹೊಸದಾಗಿ ಬರಲಿದ್ದ ಎರಡನೆಯದರಿಂದ ಒಂದಿಷ್ಟು ಹೆಕ್ಕಿ ಇನ್ನೊಂದು 'ಮೊದಲ ಆಲ್ಬಂ' ಹೊಲಿದರು. 1997ರ ಆಗಸ್ಟ್ 11ಕ್ಕೆ ಉಳಿದ ಜಗತ್ತಿಗೆ ಎರಡನೇ ಆಲ್ಬಂ 'ಬ್ಯಾಕ್‌ಸ್ಟ್ರೀಟ್ಸ್ ಬ್ಯಾಕ್', ಮಾರನೇ ದಿನ 12ಕ್ಕೆ ಅಮೆರಿಕಕ್ಕೆ ಮೊದಲನೆಯದು! ಪುಟ್ಟಕ್ಕನ ಕ್ಯಾಸೆಟ್ಟು ಇದು.

'ಎವ್ರಿಬಡಿ' ಕಾಣೆಯಾದದ್ದು ಇಲ್ಲೇ. ಆ ಹಾಡಿನ ಪಲ್ಲವಿ ಹೇಳುವುದೇ ಬ್ಯಾಕ್‌ಸ್ಟ್ರೀಟ್ ವಾಪಸ್ ಬಂದಿದೆ ಅಂತ. ಮೊದಲನೇ ಸಲ ಮನೆಗೆ ಬರುವ ಅಳಿಯ ಹೊಸ್ತಿಲಲ್ಲಿ ನಿಂತು "ಮತ್ತೆ ಬಂದೆ" ಅಂದರೆ ಹೇಗಿರುತ್ತೆ? ಕಂಪನಿಯವರು ಅದನ್ನು ತೆಗೆದೇ ಹಾಕಿದರು. ಆದರೆ ಗಡಿಯಾಚೆ ಕೆನಡಾದ ರೇಡಿಯೊದಿಂದ ಹಾಡು ತೇಲಿ ಬರತೊಡಗಿತು, ಗಡಿ ಊರುಗಳ ಸ್ಟೇಷನ್ನುಗಳೂ ಹಾಕತೊಡಗಿದವು. 1998ರಲ್ಲಿ ವಿಧಿಯಿಲ್ಲದೆ ಆಲ್ಬಮಿನ ಹೊಸ ಪ್ರತಿಗಳಿಗೆ ಸೇರಿಸಿದರು. ಪುಟ್ಟಕ್ಕ ಕೊಂಡದ್ದು ಅದಕ್ಕೂ ಮೊದಲು. ಅಮೆರಿಕದಲ್ಲಿ ಈ ಆಲ್ಬಂ ಕೊನೆಗೆ ಮುಟ್ಟಿದ ಲೆಕ್ಕ 1 ಕೋಟಿ 40 ಲಕ್ಷ ಪ್ರತಿ. 69ನೇ ಸ್ಥಾನದಿಂದ ಶುರುವಾದದ್ದು!

ವಿಮರ್ಶಕರು ಕೊನೆಯವರೆಗೂ ಮೂಗು ಮುರಿದರು. ಸಾಹಿತ್ಯದಲ್ಲಿ ಹುರುಳಿಲ್ಲ, ಹುಡುಗರನ್ನು ಅಚ್ಚಿನಲ್ಲಿ ಒತ್ತಿ ತೆಗೆದಂತಿದೆ, ಇತ್ಯಾದಿ. ಹುರುಳಿಲ್ಲ ಅನ್ನುವುದು ನಿಜವೇ. ಇವತ್ತು ಆ 13ನ್ನೂ ಕೂತು ಕೇಳಿದರೆ ನಾಲ್ಕೈದು ಬಿಟ್ಟು ಉಳಿದವು ಸಪ್ಪೆ. 'ಲೆಟ್ಸ್ ಹ್ಯಾವ್ ಎ ಪಾರ್ಟಿ'ಯನ್ನು ನಾನು ಆಗಲೂ ಮುಂದಕ್ಕೆ ಓಡಿಸುತ್ತಿದ್ದೆ. ಆದರೆ ಇವುಗಳಲ್ಲಿ ಮುಖ್ಯವಾದವು ಇಂಗ್ಲಿಷ್ ಬಾರದ ಸ್ವೀಡನ್ನಿನವರು ಬರೆದು, ಇಂಗ್ಲಿಷ್ ಮನೆಮಾತಲ್ಲದ ಜರ್ಮನಿಯಲ್ಲಿ ಗೆದ್ದು, ಶಿವಮೊಗ್ಗದ ನನ್ನ ನೋಟ್‌ಬುಕ್ಕಿಗೆ ಬಂದ ಹಾಡುಗಳು. ಅರ್ಥದ ಬಾಗಿಲಲ್ಲಿ ಕಾವಲಿನವನೇ ಇರಲಿಲ್ಲ, ಹಾಗಾಗಿ ನಾನು ಒಳಗೆ ಹೋದೆ. ಇನ್ನೂ ಭಾರದ ಸಾಹಿತ್ಯವಿದ್ದಿದ್ದರೆ ಎಂಟನೇ ಕ್ಲಾಸಿನ ಕನ್ನಡ ಮೀಡಿಯಂ ಹುಡುಗಿ ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. 'ಬಾರದ' ಅಂದದ್ದು ಸ್ವಲ್ಪ ಹೆಚ್ಚಾಯಿತು, ಅವರಿಗೆ ನನಗಿಂತ ಚೆನ್ನಾಗಿಯೇ ಬರುತ್ತಿತ್ತು. ಪರಭಾಷೆಯವರು ಪರಭಾಷೆಯವರಿಗೆ ಬರೆದದ್ದು ಅಂದುಕೊಳ್ಳಿ. ಇಂಗ್ಲಿಷ್ ಮಾತಾಡುವ ಅಮೆರಿಕಕ್ಕೆ ಅದು ತಲುಪಿದ್ದು ಕೊನೆಗೆ, ಎಂಜಲಾದ ಮೇಲೆ.

ಮುಂದಿನದು ಚೆಂದದ ಕತೆಯಲ್ಲ. ದುಡ್ಡೆಲ್ಲ ಎಲ್ಲಿ ಹೋಗುತ್ತಿದೆ ಎಂದು ಹುಡುಗರು 1998ರಲ್ಲಿ ಪರ್ಲ್‌ಮನ್ ಮೇಲೆ ಕೇಸು ಹಾಕಿದರು. ತಂಡದ ಆರನೇ ಸದಸ್ಯನೆಂದು ಆತ ತನಗೂ ಒಂದು ಪಾಲು ಬರೆದುಕೊಂಡಿದ್ದ. ಮುಂದೆ ಹೂಡಿಕೆದಾರರಿಗೆ ದೊಡ್ಡ ಪಂಗನಾಮ ಹಾಕಿದ್ದಕ್ಕೆ 2008ರಲ್ಲಿ 25 ವರ್ಷ ಶಿಕ್ಷೆಯಾಗಿ, 2016ರಲ್ಲಿ ಜೈಲುವಾಸದಲ್ಲೇ ಸತ್ತ. ಡೆನಿಜ್ ಪಾಪ್ 1998ರಲ್ಲೇ ತೀರಿಕೊಂಡಿದ್ದ, ಬರೀ 35ಕ್ಕೆ.

2023ರ ಮೇ 4ಕ್ಕೆ ಐವರೂ ಮುಂಬೈಗೆ ಬಂದರು. ನಾನು ರಜೆ ಹಾಕಿ ಹೋದೆ. ಸುತ್ತ ಎಲ್ಲರೂ ನನ್ನ ವಯಸ್ಸಿನವರೇ. ಮಂಡಿನೋವು, ಮಕ್ಕಳ ಪರೀಕ್ಷೆ, ಇಎಂಐ ಎಲ್ಲ ಬದಿಗಿಟ್ಟು ಬಂದವರು. ಐವರ ಶರ್ಟಿನ ಗುಂಡಿಗಳೂ ಈಗ ಭದ್ರವಾಗಿದ್ದವು. ಮಳೆ ಹಾಡು ಶುರುವಾದಾಗ ಪುಟ್ಟಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅವಳಿಗಿನ್ನೂ ಬೆಳಗು, ಆಫೀಸಿನಲ್ಲಿದ್ದಳು, ಕ್ಯಾಮೆರಾ ಆಫ್ ಮಾಡಿ ಎತ್ತಿಕೊಂಡಳು.

ನಮ್ಮಿಬ್ಬರ ನಡುವೆ ಇನ್ನೊಂದು ಹಳೇ ಬಾಕಿಯಿತ್ತು. ಆ ಹಾಡಿನ ಎರಡನೇ ಚರಣ ಯಾರದು? ನನ್ನ ಕ್ಯಾಸೆಟ್ಟಿನಲ್ಲಿ ಎರಡೂ ಚರಣ ಬ್ರಯನ್‌ನದೇ. ಅವಳದರಲ್ಲಿ ಎರಡನೆಯದು ನಿಕ್‌ನದು. ಆ ಹಾಡೊಂದನ್ನೇ ಸಿಂಗಲ್ ಆಗಿ ಬಿಡುವಾಗ ಅಷ್ಟನ್ನು ನಿಕ್‌ನಿಂದ ಮತ್ತೆ ಹಾಡಿಸಿದ್ದರು, ಅಮೆರಿಕದ ಆಲ್ಬಮಿಗೆ ಹೋದದ್ದು ಅದು.

ಮೊದಲ ಚರಣ ಮುಗಿಯಿತು. ನಿಕ್ ಮೈಕು ಎತ್ತಿದ. ಫೋನಿನಿಂದ ಪುಟ್ಟಕ್ಕ, ಇಡೀ ಆಫೀಸಿಗೆ ಕೇಳುವ ಹಾಗೆ, ಕನ್ನಡದಲ್ಲೇ ಕಿರುಚಿದಳು: "ನೋಡಿದ್ಯಾ? ಡೂಪ್ಲಿಕೇಟ್!"