ಮೋಟರ್‌ಹೋಮ್ ಕೊಳ್ಳುವ ಮೊದಲು ಲೈಸೆನ್ಸ್ ಕಾರ್ಡಿನ ಹಿಂಬದಿ ನೋಡಿ

ಇಂಗ್ಲೆಂಡಿನಲ್ಲಿ ಮೋಟರ್‌ಹೋಮ್, ಅಂದರೆ ಗಾಲಿಯ ಮೇಲಿನ ಮನೆ, ಮಾರುವ, ಬಾಡಿಗೆಗೂ ಕೊಡುವ ಒಂದು ಕಂಪನಿಯಲ್ಲಿ ಕಾಗದಪತ್ರದ ಮೇಜು ನನ್ನದು. ಮಾರಾಟದವರು ಗಿರಾಕಿಗೆ ಹಾಸಿಗೆ, ಒಲೆ, ಸ್ನಾನದ ಮನೆ ಎಲ್ಲವನ್ನೂ ತೋರಿಸಿ ಆಸೆ ಹುಟ್ಟಿಸಿದ ಮೇಲೆ ನನ್ನ ಬಳಿಗೆ ಕಳಿಸುತ್ತಾರೆ. ನಾನು ಮೊದಲು ಕೇಳುವುದು ಹಣವನ್ನಲ್ಲ, ಲೈಸೆನ್ಸ್ ಕಾರ್ಡನ್ನು. ಅದನ್ನೂ ತಿರುಗಿಸಿ ಹಿಂಬದಿ ನೋಡುತ್ತೇನೆ. ಫೋಟೋ ಇರುವ ಮುಂಬದಿಯಿಂದ ನನಗೆ ಹೆಚ್ಚಿನ ಉಪಯೋಗವಿಲ್ಲ.

ಹಿಂಬದಿಯಲ್ಲಿ ಪುಟ್ಟ ಪುಟ್ಟ ವಾಹನ ಚಿತ್ರಗಳಿರುವ ಒಂದು ಕೋಷ್ಟಕವಿದೆ. 9ನೇ ಕಾಲಂನಲ್ಲಿ ವಾಹನದ ವರ್ಗ, 10ರಲ್ಲಿ ಯಾವಾಗಿನಿಂದ, 11ರಲ್ಲಿ ಯಾವಾಗಿನವರೆಗೆ, 12ರಲ್ಲಿ ಷರತ್ತುಗಳ ಸಂಕೇತ. 'ಬಿ' ಎಂಬ ಸಾಲು ಕಾರಿನದು. 'ಸಿ1' ಎಂಬ ಸಾಲಿನಲ್ಲಿ ಸಣ್ಣ ಲಾರಿಯ ಚಿತ್ರ. ಆ ಸಾಲಿನ ಮುಂದೆ ದಿನಾಂಕವಿದೆಯೇ, ಇದ್ದರೆ ಅದು ಮುಗಿದಿಲ್ಲ ತಾನೇ? ಇಷ್ಟು ಗೊತ್ತಾದರೆ ಈ ಗಿರಾಕಿಗೆ ನಮ್ಮ ಅಂಗಳದಲ್ಲಿ ನಿಂತಿರುವ ಯಾವ ಗಾಡಿ ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂಬುದು ತೀರ್ಮಾನವಾಗುತ್ತದೆ. ಈ ಕೆಲಸವನ್ನು ಮಾರಾಟಕ್ಕಿಂತ ಮೊದಲೇ ಮಾಡಿ ಎಂದು ನಾನು ಹೇಳುತ್ತಲೇ ಇದ್ದೇನೆ. ಆಸೆ ಹುಟ್ಟಿದ ಮೇಲೆ ಯಾರೂ ಸಣ್ಣ ಅಕ್ಷರ ಓದುವುದಿಲ್ಲ.

ಬ್ರಿಟನ್ನಿನ ನಿಯಮ ಹೀಗಿದೆ: ಕಾರಿನ ಲೈಸೆನ್ಸ್, ಅಂದರೆ 'ಬಿ', 3,500 ಕಿಲೋ ತನಕದ ಗಾಡಿಗೆ ಸಾಕು. ಅದರ ಮೇಲೆ 7,500 ಕಿಲೋ ತನಕ ಸಿ1 ಬೇಕು. ಅದನ್ನೂ ಮೀರಿದರೆ ದೊಡ್ಡ ಲಾರಿಯ 'ಸಿ'. ಉದ್ದ ಎಷ್ಟು, ಮಲಗಲು ಎಷ್ಟು ಜನಕ್ಕೆ ಜಾಗವಿದೆ, ನೋಡಲು ಬಸ್ಸಿನಂತಿದೆಯೇ ಎಂಬುದಕ್ಕೂ ಲೈಸೆನ್ಸಿಗೂ ಸಂಬಂಧವಿಲ್ಲ. ಏಳೂವರೆ ಮೀಟರ್ ಉದ್ದದ ಗಾಡಿಯೂ ಕಾರಿನ ಲೈಸೆನ್ಸಿಗೆ ಒಳಪಡಬಹುದು, ಆರೂವರೆ ಮೀಟರಿನದು ಸಿ1 ಕೇಳಬಹುದು.

ಇಲ್ಲಿ ಲೆಕ್ಕಕ್ಕೆ ಬರುವ ತೂಕ ಗಾಡಿಯ ಇಂದಿನ ತೂಕವಲ್ಲ. ಅದು ಹೊರಬಹುದೆಂದು ಫಲಕದ ಮೇಲೆ ನಮೂದಿಸಿರುವ ಗರಿಷ್ಠ ತೂಕ. ಬಾನೆಟ್ ಎತ್ತಿದರೆ ಅಥವಾ ಬಾಗಿಲಿನ ಚೌಕಟ್ಟಿನ ಬಳಿ ಒಂದು ಸಣ್ಣ ಫಲಕ ಕಾಣುತ್ತದೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಸಂಖ್ಯೆಗಳು: ಮೊದಲನೆಯದು ಗಾಡಿಯ ಗರಿಷ್ಠ ತೂಕ, ಎರಡನೆಯದು ಹಿಂದೆ ಟ್ರೈಲರ್ ಕಟ್ಟಿದಾಗಿನ ಒಟ್ಟು ತೂಕ, ಆಮೇಲಿನವು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ತಡೆಯುವ ತೂಕ. ಲೈಸೆನ್ಸಿಗೆ ಬೇಕಾದದ್ದು ಮೊದಲನೆಯದು. ಕೆಲವು ಗಾಡಿಗಳಲ್ಲಿ ಎರಡು ಫಲಕ ಇರುತ್ತವೆ: ಒಂದು ಎಂಜಿನ್, ಚಾಸಿ ಮಾಡಿದ ಕಂಪನಿಯದು, ಇನ್ನೊಂದು ಅದರ ಮೇಲೆ ಮನೆ ಕಟ್ಟಿದ ಕಂಪನಿಯದು. ಮಾನ್ಯವಾಗುವುದು ಎರಡನೆಯದು. ಗಿರಾಕಿಗಳು ಮೊದಲು ಕಂಡ ಫಲಕದ ಫೋಟೋ ತೆಗೆದು ನಿರಾಳವಾಗಿಬಿಡುತ್ತಾರೆ.

ಹೀಗಾಗಿ 3,850 ಕಿಲೋ ಫಲಕದ ಗಾಡಿಯನ್ನು ಒಂದು ಚಮಚವನ್ನೂ ಒಳಗಿಡದೆ ಖಾಲಿ ಓಡಿಸಿದರೂ ಸಿ1 ಬೇಕು. 3,500 ಫಲಕದ ಗಾಡಿಗೆ 3,700 ಆಗುವಷ್ಟು ಸಾಮಾನು ತುಂಬಿದರೆ ಲೈಸೆನ್ಸ್ ತಪ್ಪಲ್ಲ, ಅತಿಭಾರ ತಪ್ಪು. ಎರಡೂ ಅಪರಾಧಗಳೇ, ಆದರೆ ಬೇರೆ ಬೇರೆ. "ಖಾಲಿ ಗಾಡಿಯನ್ನು ಮನೆಯವರೆಗೆ ಒಯ್ಯುತ್ತೇನೆ ಅಷ್ಟೇ" ಎನ್ನುವವರಿಗೆ ನಾನು ಬೀಗದ ಕೈ ಕೊಡುವುದಿಲ್ಲ.

ಇನ್ನು ವಯಸ್ಸಿನ ಮಾತು. 1997ರ ಜನವರಿ 1ಕ್ಕಿಂತ ಮೊದಲು ಇಲ್ಲಿ ಕಾರಿನ ಪರೀಕ್ಷೆ ಪಾಸಾದವರಿಗೆ ಸಿ1 ತಾನಾಗಿಯೇ ಬಂದಿದೆ. ಆ ದಿನದಿಂದ ಈಚೆಗೆ ಪಾಸಾದವರಿಗೆ 'ಬಿ' ಮಾತ್ರ. ಅಂದರೆ ಕಾರ್ಡ್ ತಿರುಗಿಸುವ ಮೊದಲೇ ತಲೆಗೂದಲಿನ ಬಣ್ಣದಿಂದ ನಾನು ಅರ್ಧ ಊಹಿಸಿರುತ್ತೇನೆ. ಎಂಬತ್ತರ ದಶಕದಲ್ಲಿ ಕರ್ನಾಟಕದಿಂದ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ನೆಲೆಯೂರಿದ ವೈದ್ಯರ ಬಳಿ ಬಹುಮಟ್ಟಿಗೆ ಸಿ1 ಇರುತ್ತದೆ, ತಮ್ಮ ಬಳಿ ಇದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಎರಡು ಸಾವಿರದ ಆಚೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರ ಬಳಿ ಇರುವುದಿಲ್ಲ, ತಮಗಿದೆ ಎಂದು ಅವರು ಗಟ್ಟಿಯಾಗಿ ನಂಬಿರುತ್ತಾರೆ.

ಆ ನಂಬಿಕೆಗೂ ಕಾರಣವಿದೆ. ನಮ್ಮ ದೇಶದಲ್ಲಿ 'ಎಲ್‌ಎಂವಿ', ಅಂದರೆ ಲಘು ಮೋಟಾರು ವಾಹನ, ಎಂದರೆ 7,500 ಕಿಲೋ ತನಕ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಮತ್ತೆ ಹೇಳಿತು. ಅದನ್ನು ಪತ್ರಿಕೆಯಲ್ಲಿ ಓದಿದ ಒಬ್ಬರು ಬೇಸಿಗೆ ರಜೆಗೆ ಅಪ್ಪ ಅಮ್ಮನನ್ನು ಸ್ಕಾಟ್ಲೆಂಡ್ ಸುತ್ತಿಸಲೆಂದು ನಮ್ಮಲ್ಲಿಗೆ ಬಂದಿದ್ದರು. ಬೆಂಗಳೂರಿನ ಆರ್‌ಟಿಒ ಕೊಟ್ಟ ಕಾರ್ಡನ್ನು ಮೇಜಿನ ಮೇಲಿಟ್ಟು, "ಮೇಡಂ, ಇದರಲ್ಲಿ ಏಳೂವರೆ ಟನ್ ಇದೆ. ನಿಮ್ಮ ಆರು ಜನರ ಗಾಡಿ ನಾಲ್ಕೂಕಾಲು ಟನ್ ಅಷ್ಟೇ ಅಲ್ಲವೇ?" ಎಂದರು. ಲೆಕ್ಕ ಸರಿಯೇ. ಆದರೆ ಬ್ರಿಟನ್ ಭಾರತದ ಲೈಸೆನ್ಸಿಗೆ ಕೊಡುವ ಅವಕಾಶ 3,500 ಕಿಲೋ ಒಳಗಿನ, ಎಂಟು ಪ್ರಯಾಣಿಕರ ಆಸನದ ಒಳಗಿನ ಗಾಡಿಗಷ್ಟೇ. ಇಲ್ಲಿ ನೆಲೆಸಲು ಬಂದವರಿಗೆ ಅದೂ ಹನ್ನೆರಡು ತಿಂಗಳು ಮಾತ್ರ. ಆಮೇಲೆ ಇಲ್ಲಿಯ ಪರೀಕ್ಷೆ ಬರೆದು, ಓಡಿಸಿ ತೋರಿಸಬೇಕು. ಅಂತರರಾಷ್ಟ್ರೀಯ ಪರವಾನಗಿ ಪುಸ್ತಕ ತಂದರೂ ಈ ತೂಕದ ಮಿತಿ ಹಿಗ್ಗುವುದಿಲ್ಲ. ಅವರು ನಾಲ್ಕು ಜನರ ಗಾಡಿ ತೆಗೆದುಕೊಂಡು ಹೋದರು. ಅಪ್ಪ ಅಮ್ಮನಿಗೆ ಅತಿಥಿಗೃಹದಲ್ಲಿ ಕೋಣೆ ಹಿಡಿದರು ಎಂದು ಆಮೇಲೆ ತಿಳಿಯಿತು. ಹಿರಿಯರ ಸೊಂಟಕ್ಕೆ ಅದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ.

ಸಿ1 ಇದ್ದವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. 70 ತುಂಬುವಾಗ ಲೈಸೆನ್ಸ್ ಮುಗಿಯುತ್ತದೆ, ಆಮೇಲೆ ಮೂರು ಮೂರು ವರ್ಷಕ್ಕೊಮ್ಮೆ ನವೀಕರಣ. ಇಲ್ಲಿ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿ ಡಿವಿಎಲ್‌ಎ ಅಂಚೆಯಲ್ಲಿ ಅರ್ಜಿ ಕಳಿಸುತ್ತದೆ, ಆನ್‌ಲೈನಿನಲ್ಲೂ ಮಾಡಬಹುದು, ಶುಲ್ಕವೂ ಇಲ್ಲ. ಆದರೆ ಈ ಸುಲಭದ ದಾರಿಯಲ್ಲಿ ಹೋದರೆ ಹೊಸ ಕಾರ್ಡಿನಲ್ಲಿ ಸಿ1 ಇರುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಡಿ2 ಎಂಬ ಅರ್ಜಿ, ಜೊತೆಗೆ ಡಿ4 ಎಂಬ ವೈದ್ಯಕೀಯ ವರದಿ ಬೇಕು. ಲಾರಿ ಚಾಲಕರ ಮಟ್ಟದ ತಪಾಸಣೆ ಅದು. ಕಣ್ಣಿನ ಭಾಗ ಬಿಗಿಯಾಗಿದೆ: ಒಳ್ಳೆಯ ಕಣ್ಣಿನಲ್ಲಿ ಕನಿಷ್ಠ 6/7.5, ಇನ್ನೊಂದರಲ್ಲಿ ಕನಿಷ್ಠ 6/60 ದೃಷ್ಟಿ ಇರಬೇಕು, ಕನ್ನಡಕ ಹಾಕಿಕೊಂಡೇ ಆದರೂ ಸರಿ.

ನಿವೃತ್ತ ವೈದ್ಯರೊಬ್ಬರು ನಾಲ್ಕು ಟನ್ನಿನ ಗಾಡಿಗೆ ಮುಂಗಡ ಕೊಡಲು ಬಂದಿದ್ದರು. ಧಾರವಾಡದ ಕಡೆಯವರು, ಬಹಳ ಗತ್ತಿನವರು.

"ಸರ್, ನಿಮ್ಮ ಸಿ1 ಈ ಡಿಸೆಂಬರಿಗೆ ಮುಗಿಯುತ್ತದೆ. ಡಿ4 ಮಾಡಿಸಿದ್ದೀರಾ?"

"ಏನಮ್ಮಾ, ಜೀವಮಾನವೆಲ್ಲ ಬೇರೆಯವರ ತಪಾಸಣೆ ಮಾಡಿದವನು ನಾನು. ನನ್ನದನ್ನು ನಾನೇ ಬರೆದುಕೊಂಡರೆ ಆಗುವುದಿಲ್ಲವೇ?"

"ನಿಮ್ಮ ಕಣ್ಣನ್ನು ನೀವೇ ನೋಡಿಕೊಳ್ಳಲು ಬರುವುದಿಲ್ಲವಲ್ಲ ಸರ್."

ನಕ್ಕರು, ಚೆಕ್ ಪುಸ್ತಕ ಒಳಗಿಟ್ಟರು. ಮೊದಲು ಡಿ4 ಆಗಲಿ, ಗಾಡಿ ಆಮೇಲೆ ಎಂದು ನಾನೇ ಹೇಳಿ ಕಳಿಸಿದೆ. ನಮ್ಮ ಮಾರಾಟದ ಹುಡುಗ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ.

ಈಗ ನನ್ನ ತಕರಾರು. ಸಿ1 ಇಲ್ಲದ ಗಿರಾಕಿಗಳೇ ಹೆಚ್ಚಾಗುತ್ತಿರುವುದರಿಂದ ತಯಾರಕರು ದೊಡ್ಡ ದೊಡ್ಡ ಗಾಡಿಗಳಿಗೂ 3,500 ಫಲಕ ಹಚ್ಚಿ ಕಳಿಸುತ್ತಾರೆ. ಚಾಸಿಗೆ ಇನ್ನೂ ನಾಲ್ಕೈದು ನೂರು ಕಿಲೋ ಹೊರುವ ತಾಕತ್ತಿದ್ದರೂ ಕಾಗದದ ಮೇಲೆ ಇಳಿಸಿರುತ್ತಾರೆ. "ಕಾರಿನ ಲೈಸೆನ್ಸ್ ಸಾಕು" ಎಂಬ ಚೀಟಿ ಗಾಜಿನ ಮೇಲೆ ಹತ್ತಿದ ಕೂಡಲೇ ಗಾಡಿ ಮಾರಾಟವಾಗುತ್ತದೆ. ಕಾನೂನಿಗೆ ಇದು ಸರಿಯಾಗಿಯೇ ಇದೆ. ಆದರೆ ಒಳಗೆ ಏನು ಇಡಬಹುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಓಡಲು ಸಿದ್ಧವಾದ ಗಾಡಿಯ ತೂಕ 3,080 ಕಿಲೋ ಎಂದುಕೊಳ್ಳೋಣ. ಇದರಲ್ಲಿ 75 ಕಿಲೋದ ಚಾಲಕ, ಹತ್ತರಲ್ಲಿ ಒಂಬತ್ತು ಪಾಲು ತುಂಬಿದ ಡೀಸೆಲ್ ಟ್ಯಾಂಕ್ ಸೇರಿವೆ. ನೀರು ಮಾತ್ರ ಪೂರ್ತಿ ಸೇರಿರುವುದಿಲ್ಲ. ನೂರು ಲೀಟರಿನ ತೊಟ್ಟಿಗೆ ಇಪ್ಪತ್ತೇ ಲೀಟರ್ ಹಿಡಿದು ಲೆಕ್ಕ ತೋರಿಸುವುದು ರೂಢಿ. ಉಳಿದದ್ದು 420 ಕಿಲೋ. ಇನ್ನೂ ಮೂವರು ಕುಳಿತರೆ 225 ಹೋಯಿತು. ತೊಟ್ಟಿ ತುಂಬಿಸಿದರೆ ಇನ್ನು 80 ಹೋಯಿತು. 115 ಉಳಿಯಿತು. ಬದಿಯ ಚಪ್ಪರ, ಸೌರ ಫಲಕ, ಎರಡನೇ ಬ್ಯಾಟರಿ, ಸೈಕಲ್ ಸ್ಟ್ಯಾಂಡ್, ಅದರ ಮೇಲೆ ಸೈಕಲ್‌ಗಳು. ಇನ್ನು ಬಟ್ಟೆ, ಹಾಸಿಗೆ, ಕುರ್ಚಿ, ಮಡಚುವ ಮೇಜು. ನಮ್ಮವರಾದರೆ ಹತ್ತು ಕಿಲೋ ಸೋನಾ ಮಸೂರಿ, ಕುಕ್ಕರ್, ದೋಸೆ ಹೆಂಚು, ಡಬ್ಬದಲ್ಲಿ ಹುಳಿಪುಡಿ, ಚಟ್ನಿಪುಡಿ. ಮನೆಯಿಂದ ಹೊರಡುವ ಮೊದಲೇ ಮಿತಿ ದಾಟಿರುತ್ತದೆ. ಯುರೋಪಿನ ನಿಯಮ ಸಾಮಾನಿಗೆಂದು ತಯಾರಕರಿಂದ ಕಡ್ಡಾಯವಾಗಿ ಬಿಡಿಸುವ ತೂಕವೂ ದೊಡ್ಡದೇನಲ್ಲ: ಜನರ ಸಂಖ್ಯೆಗೆ ಮೀಟರಿನಲ್ಲಿ ಉದ್ದವನ್ನು ಕೂಡಿಸಿ ಹತ್ತರಿಂದ ಗುಣಿಸಬೇಕು. ನಾಲ್ಕು ಜನ, ಏಳು ಮೀಟರ್ ಎಂದರೆ 110 ಕಿಲೋ. ಅಷ್ಟು ಬಿಟ್ಟರೆ ಅವರ ಕೆಲಸ ಮುಗಿಯಿತು.

ರಸ್ತೆಬದಿಯಲ್ಲಿ ತಪಾಸಣೆಯವರು ತೂಗಿದರೆ ಶೇ 10ರ ಒಳಗಿನ ಅತಿಭಾರಕ್ಕೆ 100 ಪೌಂಡ್, ಶೇ 15 ಮುಟ್ಟುವವರೆಗೆ 200, ಅದರ ಮೇಲೆ 300, ಶೇ 30 ಮುಟ್ಟಿದರೆ ನ್ಯಾಯಾಲಯ. ಒಟ್ಟು ತೂಕ ಸರಿಯಿದ್ದು ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿದರೂ ದಂಡವಿದೆ. ಹಿಂಭಾಗದ ದೊಡ್ಡ ಪೆಟ್ಟಿಗೆಗೆ ಎಲ್ಲವನ್ನೂ ತುರುಕುವವರು ಸಿಕ್ಕಿಬೀಳುವುದು ಇಲ್ಲೇ. ಗಾಡಿ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ವೇಬ್ರಿಡ್ಜಿಗೆ ಹೋಗಿ ತೂಗಿಸಿ ಎಂದು ಪ್ರತಿ ಗಿರಾಕಿಗೂ ಹೇಳುತ್ತೇನೆ. ಹೋಗುವವರು ಕಡಿಮೆ.

ಆದ್ದರಿಂದ ನಾಲ್ಕು ಜನರ ಸಂಸಾರ, ಉದ್ದದ ಪ್ರವಾಸ ಎಂದರೆ ನನ್ನ ಸಲಹೆ ಒಂದೇ: ಸಿ1 ಮಾಡಿಕೊಳ್ಳಿ, ಭಾರದ ಫಲಕದ ಗಾಡಿಯನ್ನೇ ಕೊಳ್ಳಿ. ಇದರಿಂದ ನಮ್ಮ ಕಂಪನಿಗೆ ಆ ತಿಂಗಳ ವ್ಯಾಪಾರ ತಪ್ಪುತ್ತದೆ ನಿಜ. ಆದರೆ ಜಾಗ ಸಾಲದೆ, ತೂಕ ಸಾಲದೆ ಮರುವರ್ಷವೇ ಗಾಡಿ ಮಾರಲು ಬರುವವರ ಮುಖ ನೋಡುವುದಕ್ಕಿಂತ ಇದು ಮೇಲು.

ಸಿ1 ಪರೀಕ್ಷೆ ಜನ ಹೆದರುವಷ್ಟು ಕಷ್ಟದ್ದಲ್ಲ, ಓಡಾಟ ಮಾತ್ರ ಇದೆ. 18 ತುಂಬಿರಬೇಕು, ಕೈಯಲ್ಲಿ ಕಾರಿನ ಲೈಸೆನ್ಸ್ ಇರಬೇಕು. ಡಿ2, ಡಿ4 ಕಳಿಸಿ ಕಲಿಕೆಯ ಅನುಮತಿ ಪಡೆಯಬೇಕು. ನಂತರ ಲಿಖಿತ ಪರೀಕ್ಷೆ: 100 ಪ್ರಶ್ನೆಗಳಲ್ಲಿ 85 ಸರಿಯಾಗಬೇಕು. ವಿಡಿಯೋ ನೋಡಿ ಅಪಾಯ ಗುರುತಿಸುವ ಭಾಗದಲ್ಲಿ 100ಕ್ಕೆ 67 ಅಂಕ. ಆಮೇಲೆ ಅಂಗಳದಲ್ಲಿ ಹಿಮ್ಮುಖವಾಗಿ ನಡೆಸುವ ಒಂದು ಪರೀಕ್ಷೆ, ಕೊನೆಗೆ ರಸ್ತೆಯ ಮೇಲೆ. ಇದೆಲ್ಲ ಲಾರಿಯಲ್ಲಿ ನಡೆಯುತ್ತದೆ, ತರಬೇತಿ ಶಾಲೆಯವರೇ ಲಾರಿ ಕೊಡುತ್ತಾರೆ. ಸಂಬಳಕ್ಕೆ ಲಾರಿ ಓಡಿಸುವವರಿಗೆ ಬೇಕಾದ ವೃತ್ತಿ ಪ್ರಮಾಣಪತ್ರ ಸ್ವಂತ ಪ್ರವಾಸದವರಿಗೆ ಬೇಕಿಲ್ಲ. ಶಾಲೆಯವರು ಅದನ್ನೂ ಸೇರಿಸಿ ದರ ಹೇಳಿದರೆ ಬೇಡ ಎನ್ನಿ.

ಇದನ್ನು ತಪ್ಪಿಸಿಕೊಂಡು ಓಡಿಸುವವರಿಗೆ ಒಂದು ಮಾತು. ವರ್ಗಕ್ಕೆ ತಕ್ಕ ಲೈಸೆನ್ಸ್ ಇಲ್ಲದಿದ್ದರೆ ಲೈಸೆನ್ಸಿನ ಮೇಲೆ 3ರಿಂದ 6 ದಂಡದ ಅಂಕ ಬೀಳಬಹುದು. ವಿಮೆಯೂ ಅಸಿಂಧು ಎಂದಾದರೆ ಅದಕ್ಕೆ ಬೇರೆಯಾಗಿ 6ರಿಂದ 8. ಪೊಲೀಸರು ಗಾಡಿಯನ್ನು ಅಲ್ಲೇ ವಶಪಡಿಸಿಕೊಳ್ಳಬಹುದು. ಮೊದಲ ಲೈಸೆನ್ಸ್ ಪಡೆದ ಎರಡು ವರ್ಷದೊಳಗೆ 6 ಅಂಕ ಬಿದ್ದರೆ ಆ ಲೈಸೆನ್ಸೇ ರದ್ದಾಗುತ್ತದೆ. ಹೊಸದಾಗಿ ಬಂದು ಇಲ್ಲಿ ಪರೀಕ್ಷೆ ಪಾಸಾದ ನಮ್ಮ ಹುಡುಗರಿಗೆ ಇದೇ ದೊಡ್ಡ ಹೊಡೆತ. ಮೋಟರ್‌ಹೋಮ್ ಹೋಗಲಿ, ಮರುದಿನ ಕಾರಿನಲ್ಲಿ ಕಚೇರಿಗೂ ಹೋಗಲಾಗುವುದಿಲ್ಲ.

2025ರ ಜೂನ್ 10ರಿಂದ ಹೊಗೆ ಉಗುಳದ ವಾಹನಗಳಿಗೆ ಮಾತ್ರ ಕಾರಿನ ಲೈಸೆನ್ಸಿನ ಮಿತಿಯನ್ನು 4,250 ಕಿಲೋಗೆ ಏರಿಸಿದ್ದಾರೆ. ಆ ಸುದ್ದಿಯನ್ನು ಅರ್ಧ ಓದಿಕೊಂಡು ಡೀಸೆಲ್ ಗಾಡಿ ಕೇಳಲು ಬರುವವರಿದ್ದಾರೆ. ಡೀಸೆಲ್‌ಗೆ ಹಳೆಯ 3,500ರ ಗೆರೆಯೇ.

ನಮ್ಮಲ್ಲಿ 4,250 ಫಲಕದ ಡೀಸೆಲ್ ಗಾಡಿ ಕೊಂಡ ಒಂದು ದಂಪತಿಯಲ್ಲಿ ಸಿ1 ಮಾಡಿದ್ದು ಹೆಂಡತಿ. ಗಂಡನಿಗೆ ಅಂಗಳದಲ್ಲಿ ಹಿಮ್ಮುಖ ನಡೆಸುವುದೆಂದರೆ ಭಯವಂತೆ. ಹೋದ ವಾರ ಆಕೆ ಫೋನ್ ಮಾಡಿ ಡಿ2 ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. "ನಿಮಗೆ ಆಗಿದೆಯಲ್ಲ?" ಎಂದೆ. "ನನಗಲ್ಲ, ಇವರಿಗೆ. ಇಡೀ ದಾರಿ ನಾನೇ ಓಡಿಸಿ, ಬಂದ ಮೇಲೆ ಒಲೆಯ ಮುಂದೆಯೂ ನಾನೇ ನಿಲ್ಲುವುದು ಇನ್ನು ಸಾಧ್ಯವಿಲ್ಲ" ಎಂದರು. ಅಂಚೆಯಲ್ಲಿ ಕಳಿಸಿದ್ದೇನೆ.